ಮಲೆನಾಡಿನ ಮನೆಗೆ ಬಿಳಿ ಮಾರ್ಬಲ್: ಹಾಕಿಸಿದೋರು ಸ್ವಲ್ಪ ಹೇಳಿ

ಪ್ರಶ್ನೆ, ಶಿವಮೊಗ್ಗ:
ಮನೆ ಪ್ಲಾಸ್ಟರಿಂಗ್ ಮುಗಿಯೋಕೆ ಬಂತು, ಹಾಲ್, ಮೆಟ್ಟಿಲು, ದೇವರ ಕೋಣೆಗೆ ಒಳ್ಳೆ ಬಿಳಿ ನ್ಯಾಚುರಲ್ ಮಾರ್ಬಲ್ಲೇ ಹಾಕ್ಬೇಕು ಅಂತ ಮನೆಯವರ ಆಸೆ. ಅಂಗಡಿಯವರು ಇಟಾಲಿಯನ್ ತಗೊಳ್ಳಿ ಅಂತಾರೆ, ಅಪ್ಪ ಮಕ್ರಾನಾ ಬಿಟ್ಟು ಬೇರೆ ಮಾತಿಲ್ಲ. ನಮ್ಮ ಮಳೆಗೆ ಬಿಳಿ ಕಲ್ಲು ತಡೆಯುತ್ತಾ? ಅಡುಗೆಮನೆ ಕಟ್ಟೆಗೂ ಹಾಕ್ಬಹುದಾ?

ತೀರ್ಥಹಳ್ಳಿಯಿಂದ:
ಕಲ್ಲಿಗಿಂತ ಮೊದಲು ನೆಲದ ಅಡಿ ನೋಡಿ ಮಾರಾಯ್ರೆ. ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ 7 ಸಾವಿರ ಮಿಲಿಮೀಟರ್ ದಾಟಿ ಮಳೆ ಬೀಳುತ್ತೆ, ನಮ್ಮಲ್ಲಿ ಅಷ್ಟಿಲ್ಲದಿದ್ರೂ ಆಷಾಢದಲ್ಲಿ ನೆಲ ಬೆವರೋದು ಎಲ್ಲರಿಗೂ ಗೊತ್ತು. ಮಾರ್ಬಲ್‌ನಲ್ಲಿ ಕಣ್ಣಿಗೆ ಕಾಣದ ಸಣ್ಣ ಸಣ್ಣ ತೂತು ಇರುತ್ತೆ, ಕೆಳಗಿನ ಥಂಡಿ ಅದರಲ್ಲಿ ಮೇಲೆ ಹತ್ತುತ್ತೆ, ಕಲ್ಲಲ್ಲಿ ಚೂರು ಕಬ್ಬಿಣದ ಅಂಶ ಇದ್ರೆ ಅದು ತುಕ್ಕು ಹಿಡಿದು ಹಳದಿ ಕಾಣುತ್ತೆ. ನಮ್ಮ ಅಕ್ಕನ ಮನೇಲಿ ಜೂನ್ ಹತ್ರ ಬಂತು ಅಂತ ಅವಸರದಲ್ಲಿ ಗ್ರೇ ಸಿಮೆಂಟಲ್ಲೇ ಕೂರಿಸಿದ್ರು, ಗೋಡೆ ಬದಿಯ ಸಾಲು ಪೂರ್ತಿ ಟೀ ಚೆಲ್ಲಿದ ಹಾಗೆ ಕಾಣುತ್ತೆ, ಎಷ್ಟು ಪಾಲಿಶ್ ಮಾಡಿದ್ರೂ ಹೋಗಿಲ್ಲ, ಯಾಕಂದ್ರೆ ಕಲೆ ಇರೋದು ಮೇಲಲ್ಲ, ಒಳಗೆ. ಅದಕ್ಕೇ ಗ್ರೌಂಡ್ ಫ್ಲೋರ್ ಕಾಂಕ್ರೀಟ್ ಕೆಳಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿದಾರಾ ಕೇಳಿ, ಕಲ್ಲಿನ ಕೆಳಗಿನ ಕಾಂಕ್ರೀಟ್ ಬೆಡ್ ಪೂರ್ತಿ ಒಣಗಲಿ, ಮರಳಲ್ಲಿ ಕೆಂಪು ಮಣ್ಣು ಬೆರೆತಿರಬಾರದು, ಕೂರಿಸೋದು ವೈಟ್ ಸಿಮೆಂಟ್ ಅಥವಾ ಕಲ್ಲಿಗೆ ಅಂತ್ಲೇ ಬರೋ ಬಿಳಿ ಅಂಟಲ್ಲಿ. ಬೇಸಿಗೆಯಲ್ಲೇ ಮುಗಿಸಿ. ಕೂರಿಸಿದ ಕೂಡಲೇ ಸೀಲರ್ (ಕಲೆ ಇಳಿಯದ ಹಾಗೆ ಕಲ್ಲಿಗೆ ಹಚ್ಚೋ ದ್ರವ) ಹಚ್ಚೋಕೆ ಬಿಡಬೇಡಿ, ಒಳಗಿನ ನೀರು ಹೊರಗೆ ಹೋಗಲಿ, ಇಲ್ಲಾಂದ್ರೆ ಥಂಡಿನ ನಾವೇ ಕೂಡಿ ಹಾಕಿದ ಹಾಗೆ.

ಸಾಗರದಿಂದ:
ಮೇಲಿನವರು ಹೇಳಿದ್ದು ನೂರಕ್ಕೆ ನೂರು ಸರಿ. ಕಲ್ಲಿನ ವಿಷಯ ನಾನು ಹೇಳ್ತೀನಿ. ಮಕ್ರಾನಾ ರಾಜಸ್ಥಾನದ್ದು, ತಾಜ್‌ಮಹಲ್‌ಗೆ, ಕೋಲ್ಕತ್ತದ ವಿಕ್ಟೋರಿಯಾ ಮೆಮೋರಿಯಲ್‌ಗೆ ಹೋಗಿದ್ದು ಇದೇ ಕಲ್ಲು, ಒತ್ತಾದ ಕಣ, ಮೆಟ್ಟಿಲು ದೇವರ ಕೋಣೆಗೆ ನಾನು ಕಣ್ಣುಮುಚ್ಚಿ ಇದನ್ನೇ ಹೇಳೋದು, ನಿಮ್ಮ ಅಪ್ಪಾಜಿ ಮಾತು ತೆಗೆದುಹಾಕಬೇಡಿ. ಆದ್ರೆ ಮಕ್ರಾನಾ ಅಂತ ಹೆಸರು ಹೇಳಿ ರಾಜಸ್ಥಾನದ ಬೇರೆ ಗಣಿ ಕಲ್ಲು ಕೊಡೋರೂ ಇದಾರೆ, ಬಿಲ್ಲಲ್ಲಿ ಕಲ್ಲಿನ ಹೆಸರು ಬರೆಸಿ. ಸ್ಟಾಚುವಾರಿಯೋ, ಕಲಕಟ್ಟಾ ಅನ್ನೋ ಮಾರ್ಬಲ್‌ಗಳು ಇಟಲಿಯ ಕರಾರಾ ಕಡೆಯವು, ಬೂದು ಗೆರೆ ನೋಡೋಕೆ ತುಂಬಾ ಚಂದ, ಹಾಲ್‌ನ ಒಂದು ಗೋಡೆಗೆ ಬುಕ್‌ಮ್ಯಾಚ್ (ತೆರೆದ ಪುಸ್ತಕದ ಹಾಗೆ ಎರಡು ಸ್ಲ್ಯಾಬಿನ ಗೆರೆ ಎದುರುಬದುರು ಕೂರಿಸೋದು) ಮಾಡಿಸಿದ್ರೆ ಕಣ್ಣು ಕೀಳೋಕೆ ಆಗಲ್ಲ. ಈ ಇಟಾಲಿಯನ್ ಸ್ಲ್ಯಾಬುಗಳ ಬಿರುಕಿಗೆ ರೆಸಿನ್ ತುಂಬಿ ಹಿಂದೆ ಫೈಬರ್ ಬಲೆ ಅಂಟಿಸಿರ್ತಾರೆ, ಆ ಬಲೆ ಮೇಲೆ ಬರೀ ಸಿಮೆಂಟ್ ಸರಿಯಾಗಿ ಹಿಡಿಯಲ್ಲ, ಇದು ಗೊತ್ತಿರೋ ಮೇಸ್ತ್ರಿನೇ ಬೇಕು.

ಸ್ಯಾಂಪಲ್ ತುಂಡು ನೋಡಿ ಒಪ್ಕೋಬೇಡಿ, ಗೋಡೌನಿಗೇ ಹೋಗಿ ಸ್ಲ್ಯಾಬನ್ನ ಬಿಸಿಲಿಗೆ ನಿಲ್ಲಿಸಿ ನೀರು ಹಾಕಿಸಿ. ಸುತ್ತ ಆರಿದ ಮೇಲೂ ಒಂದು ಕೂದಲೆಳೆ ಗೆರೆ ಮಾತ್ರ ಒದ್ದೆಯಾಗೇ ಉಳಿದ್ರೆ ಅದು ಬಿರುಕು, ಡಿಸೈನ್ ಅಲ್ಲ. ಬೆರಳ ಗಿಣ್ಣಲ್ಲಿ ಬಡಿದ್ರೆ ಗಟ್ಟಿ ಕಲ್ಲು ಠಣ್ ಅನ್ನುತ್ತೆ, ಬಿರುಕು ಬಿಟ್ಟಿದ್ದು ಬೊದ್ ಅನ್ನುತ್ತೆ. ಅಂಚು ನೋಡಿ, ಗೆರೆ ದಪ್ಪದೊಳಗೂ ಇಳಿದಿರ್ಬೇಕು, ಮೇಲ್ಮೈಯಲ್ಲಿ ಮಾತ್ರ ಇದ್ರೆ ಪ್ರಿಂಟು. ಒಂದು ಕಲೆಯೂ ಇಲ್ಲದೆ ಎಲ್ಲ ಸ್ಲ್ಯಾಬೂ ಒಂದೇ ಹಾಲು ಬಿಳಿ ಇದ್ರೆ ನ್ಯಾನೋ ವೈಟ್ ಇರ್ಬಹುದು, ಅದು ಫ್ಯಾಕ್ಟರಿಯಲ್ಲಿ ಮಾಡಿದ್ದು, ನಿಂಬೆರಸ ಬಿದ್ರೂ ಏನೂ ಆಗಲ್ಲ. ಇಡೀ ಹಾಲ್‌ಗೆ ಒಂದೇ ಬ್ಲಾಕಿಂದ ಕೊಯ್ದ, ಸಾಲಾಗಿ ನಂಬರ್ ಹಾಕಿದ ಸ್ಲ್ಯಾಬುಗಳನ್ನೇ ತಗೊಳ್ಳಿ, ಕಟಿಂಗ್ ವೇಸ್ಟೇಜ್ ಸೇರಿಸಿ ಒಂದೇ ಸಲ, ಆಮೇಲೆ ಕಮ್ಮಿ ಬಿತ್ತು ಅಂತ ಹೋದ್ರೆ ಅದೇ ಶೇಡ್ ಸಿಗಲ್ಲ.

ಶಿವಮೊಗ್ಗದಿಂದ, ಗೃಹಿಣಿ:
ಕಟ್ಟೆಗೆ ದಯವಿಟ್ಟು ಬೇಡ. ಹುಣಸೆ, ನಿಂಬೆ, ಮೊಸರು, ಪುನರ್ಪುಳಿ, ನಮ್ಮ ಅಡುಗೆ ಪೂರ್ತಿ ಹುಳಿನೇ ಅಲ್ವಾ. ಮಾರ್ಬಲ್ ಅಂದ್ರೆ ಕ್ಯಾಲ್ಸಿಯಂ ಕಾರ್ಬೊನೇಟ್, ಹುಳಿ ಬಿದ್ದ ಜಾಗ ಕರಗಿ ಮಂಕಾಗುತ್ತೆ, ಒರೆಸಿದ್ರೆ ಹೋಗಲ್ಲ, ಮತ್ತೆ ಪಾಲಿಶೇ ಗತಿ. ಸೀಲರ್ ಹಾಕಿದ್ರೆ ಏನೂ ಆಗಲ್ಲ ಅಂತ ಅಂಗಡಿಯವರು ಹೇಳ್ತಾರೆ, ಸೀಲರ್ ಕಲೆ ಒಳಗೆ ಇಳಿಯೋದನ್ನ ತಡ ಮಾಡುತ್ತೆ ಅಷ್ಟೇ, ಹುಳಿ ತಿನ್ನೋದನ್ನ ತಡೆಯಲ್ಲ. ಕಟ್ಟೆಗೆ ಕರಿ ಗ್ರಾನೈಟೇ ಹಾಕಿ.

ಕೊಪ್ಪದಿಂದ:
ತೋಟ ಇರೋ ಮನೆಯವರಿಗೆ ಒಂದು ಮಾತು. ಅಡಿಕೆ ಚೊಗರು (ಅಡಿಕೆ ಬೇಯಿಸಿದ ಕಂದು ನೀರು) ಬಿಳಿ ಕಲ್ಲಿಗೆ ತಾಗದ ಹಾಗೆ ನೋಡ್ಕೊಳ್ಳಿ. ಸುಗ್ಗಿಲಿ ಅಡಿಕೆ ಬೇಯಿಸ್ತಾ ಇರೋರು ಹಾಗೇ ಒಳಗೆ ಓಡಾಡಿದ್ರೆ ಕಾಲಡಿಯ ಗುರುತು ಕಂದು ಬಣ್ಣಕ್ಕೆ ಕೂರುತ್ತೆ, ಹಾಗಾಗಿ ಜಗಲಿಗೂ ಹಿಂಬಾಗಿಲ ಕಡೆಗೂ ನಾವು ಕೆಂಪು ರೆಡ್ ಆಕ್ಸೈಡೇ ಉಳಿಸಿಕೊಂಡು ಒಳಗೆ ಹಾಲಿಗೆ ಮಾತ್ರ ಮಾರ್ಬಲ್ ಮಾಡಿದ್ವಿ. ತಾಗಿದ್ರೆ ಅಡುಗೆ ಸೋಡಾನ ಹೈಡ್ರೋಜನ್ ಪೆರಾಕ್ಸೈಡಲ್ಲಿ ಕಲಸಿ ದಪ್ಪಗೆ ಹಚ್ಚಿ, ಪ್ಲಾಸ್ಟಿಕ್ ಮುಚ್ಚಿ ಒಂದು ದಿನ ಬಿಡಿ, ಚೊಗರು, ಟೀ ತರದ ಕಲೆ ಬಹಳಷ್ಟು ಎಳ್ಕೊಳ್ಳುತ್ತೆ, ಮೊದಲು ಮೂಲೆಯಲ್ಲಿ ಚೂರು ಹಚ್ಚಿ ನೋಡಿ. ಬಚ್ಚಲು ತೊಳೆಯೋ ಆ್ಯಸಿಡ್ ಮಾತ್ರ ಆ ಕಡೆ ತರಲೇಬೇಡಿ, ಕೆಲಸದವರಿಗೂ ಮೊದಲೇ ಹೇಳಿಡಿ. ಕೊನೇ ಪಾಲಿಶ್ ಪೇಂಟಿಂಗ್, ಮರಗೆಲಸ ಎಲ್ಲ ಮುಗಿದ ಮೇಲೆ ಮಾಡಿಸಿ, ಅಲ್ಲೀವರೆಗೆ ನೆಲಕ್ಕೆ ಪ್ಲಾಸ್ಟಿಕ್ ಹಾಸಿ ಮೇಲೆ ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಹಾಕ್ಸಿಟ್ರೆ ಗೀರು ಬೀಳಲ್ಲ.