ಕಾರ್ಡಿಗೂ ಮಡಿ

"ಮೊಮ್ಮಗನ ಕೈಯಿಂದ ಕಿತ್ಕೊಂಡುಬಿಟ್ಟ ಕಣೋ ನಮ್ಮಳಿಯ," ಅಂದ ಕಿಟ್ಟಿ. ನ್ಯೂಜೆರ್ಸಿಯಿಂದ ಬಂದು ಎರಡು ದಿನವಾದರೂ ಸಿಟ್ಟು ಇಳಿದಿರಲಿಲ್ಲ. "ಬಬಲ್ ಗಮ್ ಜತೆ ಬಂದ ಹಳೇ ಬೇಸ್‌ಬಾಲ್ ಆಟಗಾರನ ಚಿತ್ರದ ಕಾರ್ಡು. ಪ್ಲಾಸ್ಟಿಕ್ ಡಬ್ಬೀಲಿ ಸೀಲ್ ಮಾಡಿ, ಎಷ್ಟು ಸವೆದಿದೆ ಅಂತ ನೋಡಿ ಹತ್ತಕ್ಕೆ ನಾಲ್ಕು ಮಾರ್ಕ್ಸ್ ಬೇರೆ!"

"ಪಾಸಾಗಿದೆ, ಬಿಡು," ಅಂದ ಶಾಮಣ್ಣ. "ಇದು ಮಡಿ ಕಣಯ್ಯಾ. ನಮ್ಮಜ್ಜೀನೂ ಕೋಲಿನ ತುದೀಲೇ ಸೀರೆ ಎತ್ತುತಿದ್ಲು. ಆದ್ರೆ ಊಟ ಆದ್ಮೇಲೆ ಮಡಿ ಬಿಡ್ತಿದ್ಲು."

"ಅಪರೂಪದ್ದು ಅಂದ್ಮೇಲೆ ಜೋಪಾನ ಬೇಡವೇ?" ರಾಮು ಕೆರಳಿದ. "ಆಟಗಾರ ಹೋನಸ್ ವ್ಯಾಗ್ನರ್ ಕಾರ್ಡು 2022ರಲ್ಲಿ 72.5 ಲಕ್ಷ ಡಾಲರಿಗೆ ಹೋಯ್ತು!"

"ಅದು ಹುಟ್ಟಿದ್ದೇ ಸಿಗರೇಟ್ ಪ್ಯಾಕಲ್ಲಿ, 1909ರ ಹೊತ್ತಿಗೆ. ನನ್ನ ಚಿತ್ರ ಬೇಡ ಅಂದ ಪುಣ್ಯಾತ್ಮ, ಅಚ್ಚು ನಿಂತ್ಹೋಯ್ತು. ಹೆತ್ತ ಮನೆಯೇ ಮೈಲಿಗೆ!" ಅಂದ ಶಾಮಣ್ಣ.

"ಒಂದು ಕಾರ್ಡು ಸಿಗೋದಿಲ್ಲ ಅಂತ ಆಗ ಕೂಡಿಹಾಕ್ತಿದ್ದೋರಿಗೆ ಹೇಗೆ ಗೊತ್ತಾಯ್ತು?"

"ಕಾಗದ ಬರ್ಕೊಂಡು. ನನ್ನ ಹತ್ರ ಇಂಥದು ಎರಡಿದೆ, ನಿನ್ನ ಹತ್ರ? ಎಲ್ಲರ ಪಟ್ಟೀಲೂ ಒಂದೇ ಜಾಗ ಖಾಲಿ ಅಂದ್ರೆ ಮುಗೀತು. 1933ರಲ್ಲಿ ಗೌಡಿ ಅನ್ನೋ ಬಬಲ್ ಗಮ್ ಕಂಪನಿ..."

"ನಮ್ಮ ಗೌಡ್ರಾ?"

"ಬಾಸ್ಟನ್ನಿನೋರು ಕಣೋ. 106ನೇ ನಂಬರಿನ ಕಾರ್ಡನ್ನೇ ಬಿಟ್ಟಿದ್ರು. ಹುಡುಗರು ಅಗಿದಿದ್ದೇ ಅಗಿದಿದ್ದು! ಬೈದು ಕಾಗದ ಬರೆದೋರಿಗೆ ಮಾರನೇ ವರ್ಷ ಆಟಗಾರ ಲಾಜೊವೆ ಚಿತ್ರ ಅಚ್ಚು ಹಾಕ್ಸಿ, ಪೇಪರ್ ಕ್ಲಿಪ್ ಸಿಗಿಸಿ, ಅಂಚೇಲಿ ಕಳಿಸಿದ್ರು. ಎಷ್ಟೋ ಕಾರ್ಡಲ್ಲಿ ಕ್ಲಿಪ್ಪಿನ ಗುರುತು ಇನ್ನೂ ಇದೆ."

"ಮಾರ್ಕ್ಸ್ ಕಟ್!"

"ಬರ್ಡಿಕ್ ಕಂಡಿದ್ರೆ ಇನ್ನೇನಂತಿದ್ದೆಯೋ. ಅಮೆರಿಕದ ಸಿರಕ್ಯೂಸ್ ಊರಿನ ಕಾರ್ಖಾನೆ ಕೆಲಸದೋನು, ಕಾರ್ಡು ಕೂಡಿಹಾಕೋ ಹುಚ್ಚು. ಬೇರೆ ಕಾರ್ಡೆಲ್ಲ ಪುಡಿಗಾಸಿಗೆ ಸಿಗೋ ಕಾಲದಲ್ಲಿ ತನ್ನ ಬೆಲೆ ಪಟ್ಟೀಲಿ ವ್ಯಾಗ್ನರಿಗೆ 50 ಡಾಲರ್ ಬರೆದೋನು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿಗೆ ಮೂರು ಲಕ್ಷಕ್ಕೂ ಮೇಲೆ ಕಾರ್ಡು-ಚಿತ್ರ ಕೊಟ್ಟ. ಕೀಲುವಾತದಲ್ಲಿ ಬೆರಳು ಮಡಿಸೋಕಾಗದು, ಆದ್ರೂ ತಾನೇ ಹೋಗಿ ಕೂತು ಆಲ್ಬಮ್ಮಿಗೆ ಅಂಟಿಸಿದ."

"ಅಂಟಿಸಿದ್ನಾ? ಗೋಂದಲ್ಲಿ?" ರಾಮುವಿನ ಕಾಫಿ ತುಳುಕಿತು. "ವ್ಯಾಗ್ನರ್ನೂ?"

"ವ್ಯಾಗ್ನರ್ನೂ. 1963ರ ಜನವರೀಲಿ ಕೆಲಸ ಮುಗಿಸಿದ. ಮಾರ್ಚಲ್ಲಿ ಹೋದ."

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ರಾಮು ಲೋಟ ಬಟ್ಟಲಿಗೆ ಬಗ್ಗಿಸಿದ.

"ಅಂದಹಾಗೆ ನಿನ್ನ ಮೊಮ್ಮಗ ಯಾಕೋ ಡಬ್ಬಿ ಬಿಚ್ಚೋಕೆ ಹೋದ?"

"ಮೂಸಿ ನೋಡೋಕೆ," ಅಂದ ಕಿಟ್ಟಿ. "ನಮ್ಮ ಬೆಂಕಿಪೊಟ್ಟಣದ ಚಿತ್ರಕ್ಕೆಲ್ಲ ಮದ್ದಿನ ವಾಸನೆ ಇರ್ತಿತ್ತು ಅಂತ ನಾನೇ ಹೇಳಿದ್ದೆ."