ಸಹಾಯ ಬೇಕು: ಟ್ರ್ಯಾಕ್ ಡೇಗೆ ಮುಂಚೆ ಕೇಮನ್‌ ಬ್ರೇಕ್ ಫ್ಲೂಯಿಡ್ ಬದಲಿಸಲು (ಜಯನಗರ)

ಎಲ್ಲರಿಗೂ ನಮಸ್ಕಾರ. ಚೆನ್ನೈ ಹತ್ತಿರದ ಶ್ರೀಪೆರುಂಬುದೂರಿನ ರೇಸ್ ಟ್ರ್ಯಾಕ್‌ಗೆ ಹೋಗೋ ಮುಂಚೆ, ಈ ಭಾನುವಾರ ಬೆಳಿಗ್ಗೆ ಮನೆಯಲ್ಲೇ ನನ್ನ ಪೋರ್ಷೆ ಕೇಮನ್ ಕಾರಿನ ಪೂರ್ತಿ ಬ್ರೇಕ್ ಫ್ಲೂಯಿಡ್ ಬದಲಿಸಬೇಕು. ರಿಸರ್ವಾಯರ್‌ಗೆ (ಫ್ಲೂಯಿಡ್ ತುಂಬುವ ಡಬ್ಬಿಗೆ) ಸರಿಯಾಗಿ ಕೂರುವ, ಪ್ರೆಷರ್ ಬ್ಲೀಡರಿನ (ಒತ್ತಡದಿಂದ ಹೊಸ ಫ್ಲೂಯಿಡ್ ತಳ್ಳುವ ಸಾಧನ) ಮುಚ್ಚಳ ಯಾರ ಹತ್ರಾದ್ರೂ ಇದ್ರೆ ಒಂದು ದಿನಕ್ಕೆ ಕೊಡ್ತೀರಾ? ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಪಂಪ್ ಓಡಿಸಬಲ್ಲ ಸ್ಕ್ಯಾನರ್ ಇದ್ದವರು ಬಂದ್ರೆ ಇನ್ನೂ ಒಳ್ಳೇದು.

ಮೋಟುಲ್ ಆರ್‌ಬಿಎಫ್ 600 (ಡಾಟ್ 4 ದರ್ಜೆಯ ಬ್ರೇಕ್ ಫ್ಲೂಯಿಡ್), ಅರ್ಧ ಲೀಟರಿನ ಎರಡು ಬಾಟಲಿ ಬೇಕು. ಜೆಸಿ ರೋಡಲ್ಲಿ ಸೀಲ್ ಒಡೆಯದ ಸ್ಟಾಕ್ ಎಲ್ಲಿ ಸಿಗುತ್ತೆ ಹೇಳಿ. ತೆರೆದಿಟ್ಟ ಬಾಟಲಿ ಪುಕ್ಕಟೆ ಕೊಟ್ರೂ ಬೇಡ. ಈ ಫ್ಲೂಯಿಡ್ ಗಾಳಿಯ ತೇವ ಹೀರುತ್ತೆ. ಹೊಸ ಡಾಟ್ 4ರ ಕುದಿಬಿಂದು ಕನಿಷ್ಠ 230 ಡಿಗ್ರಿ ಇರಬೇಕು, ತೇವ ಹೀರಿದ್ದಕ್ಕೆ ಮಾನದಂಡ ಕೇಳೋದೇ 155. ಕ್ಯಾಲಿಪರ್ (ಚಕ್ರದಲ್ಲಿ ಬ್ರೇಕ್ ಪ್ಯಾಡ್ ಒತ್ತುವ ಭಾಗ) ಅದಕ್ಕಿಂತ ಬಿಸಿಯಾದ್ರೆ ಒಳಗೆ ಆವಿ ಎದ್ದು ಪೆಡಲ್ ನೆಲಕ್ಕೆ ಹೋಗುತ್ತೆ. ಡಾಟ್ 5 ಸಿಲಿಕೋನ್, ಅದನ್ನಂತೂ ಸೂಚಿಸಬೇಡಿ.

ಬ್ಲೀಡರಿನ ಒತ್ತಡ ಸುಮಾರು 1 ಬಾರ್ ಸಾಕು. 11 ಎಂಎಂ ರಿಂಗ್ ಸ್ಪ್ಯಾನರ್ ಇದೆ. ಪ್ರತಿ ಕ್ಯಾಲಿಪರ್‌ಗೆ ಎರಡು ನಿಪ್ಪಲ್ (ಫ್ಲೂಯಿಡ್ ಹೊರಬಿಡುವ ತಿರುಪು), ಎರಡನ್ನೂ ಸಡಿಲಿಸಿ ಹಳೇದನ್ನ ಹೊರಬಿಡಬೇಕು. ಪಾರದರ್ಶಕ ಪೈಪಿನಲ್ಲಿ ಚಹಾ ಬಣ್ಣ ಹೋಗಿ ತಿಳಿಜೇನಿನ ಬಣ್ಣ ಬಂದು, ಗುಳ್ಳೆ ನಿಂತ ಮೇಲೇ ಬಿಗಿ ಮಾಡೋದು. ರಿಸರ್ವಾಯರ್ ಮಿನ್ ಗೆರೆಗಿಂತ ಇಳಿದು ಗಾಳಿ ಎಬಿಎಸ್ ಬ್ಲಾಕಿಗೆ ಹೊಕ್ಕರೆ ಸ್ಕ್ಯಾನರ್ ಇಲ್ದೆ ತೆಗೆಯೋದು ಕಷ್ಟ. ಅದಕ್ಕೇ ಮಟ್ಟ ನೋಡ್ತಾ ನಿಲ್ಲೋಕೆ ಒಬ್ಬರು ಬೇಕೇ ಬೇಕು. ಬಣ್ಣದ ಮೇಲೆ ಹನಿ ಬಿದ್ರೆ ತಕ್ಷಣ ತೊಳೆಯೋಕೆ ಒಂದು ಬಕೆಟ್ ನೀರು ಪಕ್ಕದಲ್ಲೇ ಇರುತ್ತೆ.

ಹಳೇ ಫ್ಲೂಯಿಡ್ ಚರಂಡಿಗೆ ಸುರಿಯಲ್ಲ. ದಕ್ಷಿಣ ಬೆಂಗಳೂರಲ್ಲಿ ಅದನ್ನ ತಗೊಳ್ಳೋ ಅಧಿಕೃತ ಜಾಗ ಗೊತ್ತಿದ್ರೆ ಅದನ್ನೂ ತಿಳಿಸಿ.