ಕೊಯಮತ್ತೂರಿನಿಂದ ಒಂದೇ ದಿನದಲ್ಲಿ ನೀಲಗಿರಿ: ರೈಲಲ್ಲಿ ಹತ್ತಿ ಕಾರಲ್ಲಿ ಇಳಿಯಬಹುದಾ?

ಪೀಳಮೇಡು ಕನ್ನಡತಿ:

ಎಲ್ಲರಿಗೂ ನಮಸ್ಕಾರ. ಜನವರಿ ಎರಡನೇ ವಾರ ದಾವಣಗೆರೆಯಿಂದ ಅಪ್ಪ, ಅಮ್ಮ ಬರ್ತಿದ್ದಾರೆ. ಅಪ್ಪನಿಗೆ 70, ಅಮ್ಮನಿಗೆ ಮಂಡಿನೋವು. ಜೊತೆಗೆ ನಾವಿಬ್ಬರು, ಆರು ವರ್ಷದ ಮಗ. ನೀಲಗಿರಿಗೆ ಅಂತ ಸಿಗೋದು ಒಂದೇ ದಿನ, ರಾತ್ರಿ ಉಳಿಯೋ ಹಾಗಿಲ್ಲ. ಮೆಟ್ಟುಪಾಳ್ಯದಿಂದ ಊಟಿಗೆ ಹೋಗೋ ಉಗಿಬಂಡಿ ಹತ್ತಲೇಬೇಕು ಅನ್ನೋದು ಅಪ್ಪನ ಹಠ.

ಹೋಗ್ತಾ ಬರ್ತಾ ಎರಡೂ ಕಡೆ ರೈಲೇ ಮಾಡಿದ್ರೆ ಊಟಿ ನೋಡೋಕೆ ಎಷ್ಟು ಹೊತ್ತು ಸಿಗುತ್ತೆ? ದೊಡ್ಡಬೆಟ್ಟ, ಬೊಟಾನಿಕಲ್ ಗಾರ್ಡನ್, ಕೆರೆ ಮೂರೂ ಆಗುತ್ತಾ? ನಮ್ಮ ಕಾರು ಐದು ಸೀಟಿನದು, ಕೊಯಮತ್ತೂರು ನೋಂದಣಿ. ನೀಲಗಿರಿಗೆ ಹೋಗೋ ಗಾಡಿಗೆ ಇ-ಪಾಸ್ (ಆನ್‌ಲೈನ್ ಅನುಮತಿ) ಬೇಕು ಅಂತಾರಲ್ಲ, ತಮಿಳುನಾಡಿನ ಗಾಡಿಗೂ ಬೇಕಾ?

ಮೀಟರ್‌ಗೇಜ್:

ಎರಡೂ ಕಡೆ ರೈಲು ಬೇಡ ಮೇಡಂ. ಲೆಕ್ಕ ನೋಡಿ: ಮೆಟ್ಟುಪಾಳ್ಯದಿಂದ ಗಾಡಿ ಹೊರಡೋದು ಬೆಳಗ್ಗೆ 7:10ಕ್ಕೆ, ಊಟಿ ಮುಟ್ಟೋದು ಹೆಚ್ಚುಕಡಿಮೆ ಮಧ್ಯಾಹ್ನ 12ಕ್ಕೆ. ವಾಪಸ್ ಗಾಡಿ 2 ಗಂಟೆಗೆ. ನಡುವೆ ಉಳಿಯೋದು ಎರಡು ಗಂಟೆ, ಅದೂ ಬೆಳಗಿನ ಗಾಡಿ ತಡ ಆಗದಿದ್ರೆ. ಊಟ ಮಾಡಿ ಸ್ಟೇಷನ್‌ಗೆ ವಾಪಸ್ ಬರೋದರಲ್ಲೇ ಅದು ಮುಗಿಯುತ್ತೆ. ಮೂರು ಜಾಗ ಇರಲಿ, ಒಂದೂ ನೆಮ್ಮದಿಯಾಗಿ ಆಗಲ್ಲ.

ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿರಲ್ಲ. ಒಟ್ಟು 46 ಕಿ.ಮೀ. ದಾರಿಯಲ್ಲಿ ನಿಜವಾದ ಬೆಟ್ಟದ ರೈಲು ಅಂದ್ರೆ ಕಲ್ಲಾರ್‌ನಿಂದ ಕೂನೂರಿನವರೆಗೆ ಮಾತ್ರ. ಮೆಟ್ಟುಪಾಳ್ಯದಿಂದ ಕಲ್ಲಾರ್‌ವರೆಗೆ ಅಡಿಕೆ ತೋಟಗಳ ನಡುವಿನ ಸಮತಟ್ಟು ದಾರಿ. ಕಲ್ಲಾರ್ ಸುಮಾರು 400 ಮೀಟರ್ ಎತ್ತರದಲ್ಲಿದೆ, ಕೂನೂರು 1,700ರ ಮೇಲಿದೆ. ಈ ಏರನ್ನು ಸುಮಾರು 20 ಕಿ.ಮೀ.ನಲ್ಲಿ ಹತ್ತಬೇಕು. ಅತಿ ಕಡಿದಾದ ಕಡೆ 12.28 ಮೀಟರ್ ಮುಂದೆ ಹೋದ್ರೆ ಒಂದು ಮೀಟರ್ ಮೇಲಕ್ಕೆ. ಬರೀ ಚಕ್ರ ಆ ಏರಿನಲ್ಲಿ ಜಾರುತ್ತೆ. ಅದಕ್ಕೇ ಹಳಿಗಳ ನಡುವೆ ಹಲ್ಲಿರೋ ಎರಡು ಪಟ್ಟಿ ಹಾಕಿದ್ದಾರೆ, ಎಂಜಿನ್ನಿನ ಕೆಳಗಿನ ಹಲ್ಲುಚಕ್ರ ಅದನ್ನ ಕಚ್ಚಿಕೊಂಡು ಹತ್ತುತ್ತೆ. ಎರಡು ಪಟ್ಟಿಯ ಹಲ್ಲುಗಳು ಎದುರುಬದುರು ಇಲ್ಲ, ಒಂದರ ಹಲ್ಲು ಇರೋ ಕಡೆ ಇನ್ನೊಂದರ ಸಂದು. ಹಾಗಾಗಿ ಯಾವ ಕ್ಷಣದಲ್ಲೂ ಹಿಡಿತ ಪೂರ್ತಿ ತಪ್ಪಲ್ಲ. ಈ ಭಾಗದಲ್ಲಿ ವೇಗ ಗಂಟೆಗೆ 13 ಕಿ.ಮೀ. ದಾಟಲ್ಲ.

ಉಗಿ ಎಂಜಿನ್ ಇರೋದೂ ಕೂನೂರಿನ ತನಕ. ಅಲ್ಲಿಂದ ಊಟಿಗೆ ಡೀಸೆಲ್ ಎಂಜಿನ್ ಎಳೆಯುತ್ತೆ. ಅಪ್ಪ ನೋಡಬೇಕು ಅಂತಿರೋದು ಎಲ್ಲಾ ಬೆಳಗ್ಗೆ ಹತ್ತೂವರೆ ಹೊತ್ತಿಗೆ ಕೂನೂರಲ್ಲೇ ಮುಗಿದಿರುತ್ತೆ. ಅಲ್ಲೇ ಇಳಿಯಿರಿ, ಊಟಿ ಬಿಡಿ. ಇದು ನನ್ನ ಗಟ್ಟಿ ಅಭಿಪ್ರಾಯ, ಬೈಯೋರು ಬೈಯಬಹುದು.

ಹತ್ತುವಾಗ ಎಂಜಿನ್ ಹಿಂದಿನಿಂದ ತಳ್ಳುತ್ತೆ. ಹಾಗಾಗಿ ಮುಂದಿನ ಬೋಗಿಯವರಿಗೆ ದಾರಿ ಪೂರ್ತಿ ತೆರೆದು ಕಾಣುತ್ತೆ, ಹೊಗೆಯೂ ಕಮ್ಮಿ. ಉಗಿ ಎಂಜಿನ್ನಿನ ಸದ್ದು ಹತ್ತಿರದಿಂದ ಬೇಕು ಅನ್ನೋರಿಗೆ ಹಿಂದಿನ ಬೋಗಿ.

ಅಮ್ಮನಿಗೆ ಮೊದಲೇ ಹೇಳಿಡಿ: ಬೋಗಿಯಲ್ಲಿ ಶೌಚಾಲಯ ಇಲ್ಲ, ಒಂದು ಬೋಗಿಯಿಂದ ಇನ್ನೊಂದಕ್ಕೆ ದಾರಿಯೂ ಇಲ್ಲ. ಮೆಟ್ಟುಪಾಳ್ಯ ಸ್ಟೇಷನ್ನಿನಲ್ಲೇ ಮುಗಿಸಿಕೊಂಡು ಹತ್ತಿ. ನಡುವೆ ಎಂಜಿನ್ನಿಗೆ ನೀರು ತುಂಬೋಕೆ ಹಿಲ್‌ಗ್ರೋವ್‌ನಲ್ಲಿ ನಿಲ್ಲುತ್ತೆ, ಅಲ್ಲಿ ಇಳಿದು ಕಾಲು ಸಡಿಲಿಸಬಹುದು. ಅಲ್ಲಿನ ಕೋತಿಗಳು ಕೈಯಲ್ಲಿರೋ ತಿಂಡಿ ಪೊಟ್ಟಣ ಬಿಡಲ್ಲ, ಮಗನ ಕೈಗೆ ಬಿಸ್ಕತ್ತು ಕೊಟ್ಟು ಇಳಿಸಬೇಡಿ.

ಘಟ್ಟದ ಸ್ಟಿಯರಿಂಗ್:

ಮೇಲಿನವರ ಮಾತು ಸರಿ. ನಾನು ರಸ್ತೆ ಕಡೆದು ಹೇಳ್ತೀನಿ.

ಮೊದಲ ತೊಡಕು ಕಾರು. ನೀವೆಲ್ಲ ರೈಲಲ್ಲಿದ್ರೆ ಕಾರನ್ನ ಕೂನೂರಿಗೆ ತರೋರು ಯಾರು? ಆಕ್ಟಿಂಗ್ ಡ್ರೈವರ್ (ನಮ್ಮ ಕಾರು ಓಡಿಸೋಕೆ ಬಾಡಿಗೆಗೆ ಬರೋ ಡ್ರೈವರ್) ಕರೆದ್ರೆ ಇಳಿಯುವಾಗ ಆರು ಜನ ಆಗ್ತೀರಿ, ಐದು ಸೀಟಲ್ಲಿ ಆಗಲ್ಲ. ಏಳು ಸೀಟಿನ ಬಾಡಿಗೆ ಗಾಡಿ ಮಾಡಿ. ನಿಮ್ಮನ್ನ ಮೆಟ್ಟುಪಾಳ್ಯದಲ್ಲಿ ಇಳಿಸಿ, ಡ್ರೈವರ್ ಒಂದು ನಿದ್ದೆ ತೆಗೆದು ಎಂಟೂವರೆಗೆ ಹೊರಟ್ರೂ ರೈಲಿಗಿಂತ ಮೊದಲು ಕೂನೂರಲ್ಲಿರ್ತಾನೆ. ಬಾಡಿಗೆ ಮಾತಾಡುವಾಗಲೇ 'ಬೆಳಗ್ಗೆ 4:45ಕ್ಕೆ ಪಿಕಪ್, ರಾತ್ರಿ 8ಕ್ಕೆ ಡ್ರಾಪ್, ಕೊಡನಾಡು ಸೇರಿ' ಅಂತ ಸ್ಪಷ್ಟ ಹೇಳಿ. ಕೊಡನಾಡು ಅಂದ್ರೆ ಕೋಟಗಿರಿ ಆಚೆಯ ವ್ಯೂ ಪಾಯಿಂಟ್. ಮೇಲೆ ಹೋದ ಮೇಲೆ 'ಕೊಡನಾಡು ಎಕ್ಸ್‌ಟ್ರಾ' ಅನ್ನೋದು ಮಾಮೂಲಿ ಜಗಳ.

ಇ-ಪಾಸ್ ಬೇಕು. ಮದ್ರಾಸ್ ಹೈಕೋರ್ಟ್ ಆದೇಶದ ಮೇಲೆ 2024ರ ಮೇ 7ರಿಂದ ಬಂದ ನಿಯಮ ಇದು. ವಿನಾಯಿತಿ ಇರೋದು ಟಿಎನ್ 43 ಅಂದ್ರೆ ನೀಲಗಿರಿ ನೋಂದಣಿಯ ಗಾಡಿಗೆ, ಸರ್ಕಾರಿ ಬಸ್ಸಿಗೆ, ರೈಲಿಗೆ. ಕೊಯಮತ್ತೂರಿನ ಗಾಡಿಗೂ ಬೆಂಗಳೂರಿನ ಗಾಡಿಗೂ ಈ ವಿಷಯದಲ್ಲಿ ವ್ಯತ್ಯಾಸ ಇಲ್ಲ. ಪಾಸಿಗೆ ದುಡ್ಡಿಲ್ಲ, ಆನ್‌ಲೈನಲ್ಲೇ ಸಿಗುತ್ತೆ. ಗಾಡಿ ನಂಬರ್, ತಾರೀಖು, ಎಷ್ಟು ಜನ ಅಂತ ತುಂಬಬೇಕು. ಎಡವಟ್ಟಾಗೋದು ಇಲ್ಲಿ: ನೀವು ಒಂದು ನಂಬರಿಗೆ ಪಾಸ್ ತೆಗೆದಿರ್ತೀರಿ, ಟ್ರಾವೆಲ್ಸ್‌ನವರು ಬೆಳಗ್ಗೆ ಬೇರೆ ಗಾಡಿ ಕಳಿಸ್ತಾರೆ. ಹಿಂದಿನ ರಾತ್ರಿ ನಂಬರ್ ಖಾತ್ರಿ ಮಾಡಿಕೊಂಡೇ ಪಾಸ್ ತೆಗೆಯಿರಿ, ಅದನ್ನ ಡ್ರೈವರ್ ಫೋನಿಗೂ ಕಳಿಸಿ. ಚೆಕ್‌ಪೋಸ್ಟ್ ದಾಟುವಾಗ ನೀವು ರೈಲಲ್ಲಿರ್ತೀರಿ, ಸಿಗ್ನಲ್ ಇರಲ್ಲ.

ಒಮ್ಮೆ ಬಳಸಿ ಎಸೆಯೋ ಪ್ಲಾಸ್ಟಿಕ್ ಬಾಟಲಿ ನೀಲಗಿರಿ ಜಿಲ್ಲೆಯಲ್ಲಿ ನಿಷೇಧ. ಚೆಕ್‌ಪೋಸ್ಟಲ್ಲಿ ಕಿತ್ತುಕೊಳ್ತಾರೆ. ಸ್ಟೀಲ್ ಬಾಟಲಿಯಲ್ಲಿ ನೀರು ತುಂಬಿಕೊಂಡು ಹೋಗಿ.

ದಿನದ ಹೊಂದಿಕೆ ಹೀಗೆ. 4:45ಕ್ಕೆ ಪೀಳಮೇಡು ಬಿಟ್ರೆ 6ಕ್ಕೆ ಮೆಟ್ಟುಪಾಳ್ಯ. ತಿಂಡಿಗೆ ಇಡ್ಲಿ ಸಾಕು, ಪೂರಿ ತಿಂದು ಘಟ್ಟ ಹತ್ತಬೇಡಿ. 10:30ಕ್ಕೆ ಕೂನೂರು. ಟೀ ಕುಡಿದು ನೇರ ಲ್ಯಾಂಬ್ಸ್ ರಾಕ್, ಡಾಲ್ಫಿನ್ಸ್ ನೋಸ್ ಕಡೆ, ಎರಡೂ ಒಂದೇ ರಸ್ತೆಯಲ್ಲಿರೋ ವ್ಯೂ ಪಾಯಿಂಟ್. ಒಂದು ಗಂಟೆಗೆ ವಾಪಸ್ ಕೂನೂರಲ್ಲಿ ಊಟ. ಎರಡಕ್ಕೆ ಹೊರಟು ಮೂರಕ್ಕೆ ಕೋಟಗಿರಿ, ಅಲ್ಲಿಂದ ಕೊಡನಾಡು 18 ಕಿ.ಮೀ. ನಾಲ್ಕೂವರೆಗೆ ಅಲ್ಲಿಂದ ಕಾಲ್ತೆಗೆದ್ರೆ ಐದೂ ಕಾಲಿಗೆ ಕೋಟಗಿರಿ, ಆರೂವರೆಗೆ ಮೆಟ್ಟುಪಾಳ್ಯ, ಎಂಟರೊಳಗೆ ಮನೆ.

ತೋಟದ ದಾರಿ:

ಮಂಡಿನೋವಿರೋ ಅಮ್ಮ, ಎಪ್ಪತ್ತರ ಅಪ್ಪ, ಆರರ ಮಗು. ಇವರಿಗೆ ಮೂರು ವ್ಯೂ ಪಾಯಿಂಟಾ? ಸ್ಟಿಯರಿಂಗ್ ಹಿಡಿದವರಿಗೆ ಹಿಂದಿನ ಸೀಟಿನ ಸೊಂಟ ಕಾಣಲ್ಲ ಸಾರ್.

ಬೆಳಗ್ಗೆ ನಾಲ್ಕಕ್ಕೆ ಎದ್ದಿರ್ತಾರೆ. ರೈಲಿನ ಸೀಟು ಇಕ್ಕಟ್ಟು, ಅದರಲ್ಲಿ ಮೂರು ಗಂಟೆ ಇಪ್ಪತ್ತು ನಿಮಿಷ ಕೂತಿರ್ತಾರೆ. ಇಳಿದ ತಕ್ಷಣ ಮತ್ತೆ ಗಾಡಿಯಲ್ಲಿ ತಿರುವು ಸುತ್ತಿಸಿದ್ರೆ ಮಗು ವಾಂತಿ ಮಾಡುತ್ತೆ. ಲ್ಯಾಂಬ್ಸ್ ರಾಕ್‌ಗೆ ಕಾಡಿನ ಹಾದಿಯಲ್ಲಿ ಏರಿ ನಡೀಬೇಕು, ಮಂಡಿನೋವಿಗೆ ಅದು ಬೇಡವೇ ಬೇಡ. ಡಾಲ್ಫಿನ್ಸ್ ನೋಸ್ ರಸ್ತೆ ಕಿರಿದು. ರಜೆ ದಿನ ಎದುರುಬದುರು ಗಾಡಿ ಸಿಕ್ಕಿಹಾಕಿಕೊಂಡ್ರೆ ಅಲ್ಲೇ ಒಂದು ಗಂಟೆ ಹೋಗುತ್ತೆ, ಆಮೇಲೆ ಕೊಡನಾಡಿಗೆ ಬೆಳಕು ಇರಲ್ಲ.

ನನ್ನ ಪ್ರಕಾರ ಕೂನೂರಲ್ಲಿ ಸಿಮ್ಸ್ ಪಾರ್ಕ್ ಒಂದೇ ಸಾಕು. 1874ರಲ್ಲಿ ಶುರುವಾದ ತೋಟ, ಸ್ಟೇಷನ್ನಿಂದ ಹತ್ತಿರ. ಕಣಿವೆಯ ಇಳಿಜಾರಲ್ಲಿದೆ, ಅದಕ್ಕೆ ಪೂರ್ತಿ ಕೆಳಗಿಳಿಯಬೇಡಿ. ವಾಪಸ್ ಹತ್ತೋದು ಅಮ್ಮನಿಗೆ ಕಷ್ಟ. ಮೇಲಿನ ಹಾದಿಯಲ್ಲಿ ಬೆಂಚುಗಳಿವೆ, ಅವರಿಬ್ಬರೂ ಅಲ್ಲಿ ಕೂರಲಿ, ಮಗ ಓಡಾಡಲಿ. ಬೇಗ ಊಟ ಮುಗಿಸಿ ಕೊಡನಾಡಿಗೆ ಹೊರಡಿ.

ಡಾಲ್ಫಿನ್ಸ್ ನೋಸ್ ಬಿಟ್ಟು ಕೊಡನಾಡೇ ಯಾಕೆ ಅಂದ್ರೆ, ಗಾಡಿ ನಿಲ್ಲಿಸಿ ಸ್ವಲ್ಪವೇ ನಡೆದ್ರೆ ಸಾಕು. ಕೆಳಗೆ ಮೋಯಾರ್ ಕಣಿವೆ, ತೆಂಗುಮರಹಡ ಅನ್ನೋ ಊರು, ದೂರದಲ್ಲಿ ಭವಾನಿಸಾಗರದ ನೀರು, ಇನ್ನೊಂದು ಕಡೆ ರಂಗಸ್ವಾಮಿ ಶಿಖರ. ಉತ್ತರಕ್ಕೆ ತಿರುಗಿದ್ರೆ ನಮ್ಮ ಕಡೆಯ ಪ್ರಸ್ಥಭೂಮಿ. ಡಾಲ್ಫಿನ್ಸ್ ನೋಸ್‌ನಿಂದ ಕಾಣೋ ಕ್ಯಾಥರೀನ್ ಜಲಪಾತ ಚೆನ್ನಾಗಿದೆ, ಇಲ್ಲ ಅನ್ನಲ್ಲ, ಆದ್ರೆ ಜನವರಿಯಲ್ಲಿ ನೀರು ಸಣ್ಣಗಾಗಿರುತ್ತೆ.

ಘಟ್ಟದ ಸ್ಟಿಯರಿಂಗ್:

ಒಪ್ಪಿದೆ ಸಾರ್. ಹಿರಿಯರಿದ್ದಾರೆ ಅಂತ ಲ್ಯಾಂಬ್ಸ್ ರಾಕ್ ತೆಗೀರಿ. ಡಾಲ್ಫಿನ್ಸ್ ನೋಸ್ ಮಾತ್ರ ವಾರದ ದಿನವಾದ್ರೆ ಇರಲಿ ಅಂತೀನಿ. ಹನ್ನೆರಡರೊಳಗೆ ಅಲ್ಲಿರಬೇಕು, ಆಮೇಲೆ ಮಂಜು ಕವಿದ್ರೆ ಬಿಳಿ ಗೋಡೆ ನೋಡಿ ಬರ್ತೀರಿ.

ಪೀಳಮೇಡು ಕನ್ನಡತಿ:

ಎಲ್ಲರಿಗೂ ಥ್ಯಾಂಕ್ಸ್, ಕಣ್ಣು ತೆರೆಸಿದ್ರಿ. ಊಟಿ ಕೈಬಿಟ್ವಿ. ಆದ್ರೆ ಟಿಕೆಟ್ ನೋಡಿದ್ರೆ 15ಕ್ಕೂ 16ಕ್ಕೂ ವೇಟಿಂಗ್ ಲಿಸ್ಟ್ ತೋರಿಸ್ತಿದೆ. ತಗೊಂಡು ಕಾಯೋದಾ? ಅವತ್ತು ಮಳೆ ಬಂದು ರೈಲು ನಿಂತ್ರೆ ಏನು ಗತಿ?

ಮೀಟರ್‌ಗೇಜ್:

15, 16 ಅಂದ್ರೆ ಪೊಂಗಲ್ ರಜೆ. ಅರ್ಧ ತಮಿಳುನಾಡು ಬೆಟ್ಟದ ಮೇಲಿರುತ್ತೆ, ಆ ದಿನ ಬೇಡವೇ ಬೇಡ. ಅದಕ್ಕೆ ಮುಂಚಿನ ಮಂಗಳವಾರ, ಬುಧವಾರ ಹೀಗೆ ಯಾವುದಾದ್ರೂ ನೋಡಿ.

ವೇಟಿಂಗ್ ಲಿಸ್ಟ್ ನಂಬಬೇಡಿ. ದಿನಕ್ಕೆ ಒಂದೇ ಗಾಡಿ, ಬೋಗಿಗಳೂ ಕೆಲವೇ. ಚಾರ್ಟ್ ಆದ ಮೇಲೂ ವೇಟಿಂಗಲ್ಲೇ ಇದ್ರೆ ಆನ್‌ಲೈನ್ ಟಿಕೆಟ್ ತಾನಾಗೇ ರದ್ದಾಗಿ ದುಡ್ಡು ವಾಪಸ್ ಬರುತ್ತೆ, ಹತ್ತೋಕೆ ಬಿಡಲ್ಲ. ಬುಕಿಂಗ್ ತೆರೆಯೋದು 60 ದಿನ ಮುಂಚೆ ಬೆಳಗ್ಗೆ 8ಕ್ಕೆ, ರಜೆ ದಿನದ ಸೀಟು ಬೇಗ ಖಾಲಿಯಾಗುತ್ತೆ. ಕೂನೂರಿನ ತನಕ ಸೀಟಿಲ್ಲ ಅಂತ ತೋರಿಸಿದ್ರೆ ಊಟಿಯ ತನಕದ್ದೂ ಹುಡುಕಿ ನೋಡಿ. ಊಟಿಗೆ ಟಿಕೆಟ್ ತಗೊಂಡು ಕೂನೂರಲ್ಲಿ ಇಳಿದ್ರೆ ತಪ್ಪೇನಿಲ್ಲ. ಸ್ಟೇಷನ್ ಕೋಡ್ ಮೆಟ್ಟುಪಾಳ್ಯಕ್ಕೆ ಎಂಟಿಪಿ, ಕೂನೂರಿಗೆ ಒಎನ್‌ಆರ್, ಊಟಿಗೆ ಯುಎಎಂ.

ಎಲ್ಲೂ ಸಿಗದಿದ್ರೆ ಸುತ್ತು ತಿರುಗಿಸಿ. ಬೆಳಗ್ಗೆ ಬಾಡಿಗೆ ಕಾರಲ್ಲಿ ಕೋಟಗಿರಿ ಮೇಲೆ ಹತ್ತಿ, ಕೊಡನಾಡು ಮೊದಲು, ಆಮೇಲೆ ಕೂನೂರು. ಊಟಿಯಿಂದ 2ಕ್ಕೆ ಹೊರಟ ರೈಲು ಮೂರೂಕಾಲರ ಹೊತ್ತಿಗೆ ಕೂನೂರಿಗೆ ಬರುತ್ತೆ, ಅಲ್ಲಿ ಡೀಸೆಲ್ ತೆಗೆದು ಉಗಿ ಎಂಜಿನ್ ಹಾಕ್ತಾರೆ, 5:35ಕ್ಕೆ ಮೆಟ್ಟುಪಾಳ್ಯ. ಅದೇ ಹಲ್ಲುಪಟ್ಟಿ, ಅದೇ ಕಣಿವೆ. ಹತ್ತುವಾಗಿನ ಎಂಜಿನ್ನಿನ ಏದುಸಿರು ಮಾತ್ರ ಇರಲ್ಲ. ಆಗಲೂ ಎಂಜಿನ್ ಇಳಿಜಾರಿನ ಕಡೆಯೇ ಇರುತ್ತೆ, ಬೋಗಿಗಳ ಭಾರ ಅದರ ಮೇಲೆ. ಪ್ರತಿ ಬೋಗಿಯ ಬ್ರೇಕಿಗೂ ಒಬ್ಬೊಬ್ಬ ಆಳು ನಿಂತಿರ್ತಾರೆ, ಅಪ್ಪನಿಗೆ ತೋರಿಸಿ.

ಮಳೆ ವಿಷಯ: ಈ ದಾರಿಗೆ ಅಪಾಯದ ಕಾಲ ಅಕ್ಟೋಬರ್‌ನಿಂದ ಡಿಸೆಂಬರ್, ಹಿಂಗಾರು. ಕಲ್ಲಾರ್ ಮತ್ತು ಕೂನೂರಿನ ನಡುವೆ ಮಣ್ಣು, ಬಂಡೆ, ಮರ ಹಳಿ ಮೇಲೆ ಬಿದ್ದು ದಿನಗಟ್ಟಲೆ ಗಾಡಿ ನಿಲ್ಲುತ್ತೆ. ಜನವರಿ ಎರಡನೇ ವಾರಕ್ಕೆ ಅದು ಬಹುಪಾಲು ಮುಗಿದಿರುತ್ತೆ. ರದ್ದಾದ್ರೆ ದುಡ್ಡು ಪೂರ್ತಿ ವಾಪಸ್. ಕೂನೂರು, ಊಟಿ ನಡುವಿನ ಡೀಸೆಲ್ ಗಾಡಿಗಳು ಆಗಲೂ ಸಾಮಾನ್ಯವಾಗಿ ಓಡ್ತವೆ, ದಿನಕ್ಕೆ ಹಲವು ಬಾರಿ ಇವೆ. ಕಾರಲ್ಲಿ ಕೂನೂರಿಗೆ ಹೋಗಿ, ಅಲ್ಲಿಂದ ಕೇತ್ತಿ, ಲವ್‌ಡೇಲ್ ದಾಟಿ ಊಟಿಯ ತನಕ ರೈಲಲ್ಲಿ ಹೋಗಿ. ಸುಮಾರು ಒಂದೂಕಾಲು ಗಂಟೆ ದಾರಿ. ಕೇತ್ತಿ ಕಣಿವೆ ಈ ಭಾಗದ ಚಂದ.

ತೋಟದ ದಾರಿ:

ಬಟ್ಟೆ ಮರೀಬೇಡಿ. ಮೆಟ್ಟುಪಾಳ್ಯದಲ್ಲಿ ಬೆವರು, ಜನವರಿ ಸಂಜೆ ಕೊಡನಾಡಲ್ಲಿ ನಡುಕ. ಸ್ವೆಟರ್, ಮಫ್ಲರ್ ಡಿಕ್ಕಿಯಲ್ಲಿ ಹಾಕಿ ಕಳಿಸಬೇಡಿ, ಡ್ರೈವರ್ ಜೊತೆ ಅವೂ ಬೇರೆ ದಾರಿ ಹಿಡಿತವೆ. ಕೈಚೀಲದಲ್ಲೇ ಇರಲಿ. ಅಪ್ಪನ ಮಾತ್ರೆಗಳೂ ಅಷ್ಟೇ. ವಾಂತಿ ಮಾತ್ರೆ ಕೊಡೋದಾದ್ರೆ ಮಗುವಿನ ಡೋಸ್ ಡಾಕ್ಟರ್ ಹತ್ರ ಕೇಳಿ, ಹೊರಡೋ ಅರ್ಧ ಗಂಟೆ ಮುಂಚೆ ಕೊಡಬೇಕು. ತಿರುವು ಶುರುವಾದ ಮೇಲೆ ಕೊಟ್ಟು ಪ್ರಯೋಜನ ಇಲ್ಲ.

ಘಟ್ಟದ ಸ್ಟಿಯರಿಂಗ್:

ಇಳಿಯೋ ಬಗ್ಗೆ ಒಂದು ಮಾತು. ಡ್ರೈವರ್ ಎಂಥವನು ಅಂತ ಮೊದಲ ಐದು ಕಿ.ಮೀ.ನಲ್ಲೇ ಗೊತ್ತಾಗುತ್ತೆ. ಹತ್ತಿದ ಗೇರಲ್ಲೇ ಇಳಿಯಬೇಕು, ಅಂದ್ರೆ ಎರಡನೇ ಗೇರು, ಆಟೊಮ್ಯಾಟಿಕ್ ಆದ್ರೆ ಎಲ್ ಅಥವಾ ಮ್ಯಾನುವಲ್ ಮೋಡ್. ಮೂರು, ನಾಲ್ಕರಲ್ಲಿ ಬಿಟ್ಟು ಬರೀ ಬ್ರೇಕ್ ಮೇಲೆ ಕಾಲಿಟ್ಟು ಬಂದ್ರೆ ಪ್ಯಾಡ್ ಕಾಯುತ್ತೆ, ಸುಟ್ಟ ವಾಸನೆ ಬರುತ್ತೆ, ಆಮೇಲೆ ಪೆಡಲ್ ಮೆತ್ತಗಾಗುತ್ತೆ. ವಾಸನೆ ಬಂದ್ರೆ ಸಂಕೋಚ ಬಿಟ್ಟು ನಿಲ್ಲಿಸೋಕೆ ಹೇಳಿ, ಇಪ್ಪತ್ತು ನಿಮಿಷ ಆರಲಿ. ಕಾದ ಡಿಸ್ಕಿಗೆ ನೀರು ಸುರಿದ್ರೆ ಅದು ಸೊಟ್ಟಗಾಗುತ್ತೆ ಅಥವಾ ಸೀಳುತ್ತೆ.

ಕೋಟಗಿರಿ ದಾರಿಯ ಕುಂಜಪಣೈ ಆಸುಪಾಸು ಆನೆಗಳು ದಾಟೋ ಜಾಗ. ಫೋಟೋಗೆ ಅಂತ ಅಲ್ಲಿ ಇಳಿಯಬೇಡಿ, ಕತ್ತಲಾದ ಮೇಲಂತೂ ಬೇಡವೇ ಬೇಡ. ಆರೂ ಕಾಲಿಗೆಲ್ಲ ಸೂರ್ಯ ಮುಳುಗೋದು. ಅದಕ್ಕೇ ಕೊಡನಾಡನ್ನ ನಾಲ್ಕೂವರೆಗೆ ಬಿಡಿ ಅಂದಿದ್ದು.

ಹುಣಸೂರು ಬೈಪಾಸ್:

ಮಧ್ಯೆ ಬಂದೆ. ಮೈಸೂರಿಂದ ಇದೇ ಥರ ಒಂದು ದಿನದಲ್ಲಿ ಆಗುತ್ತಾ?

ಘಟ್ಟದ ಸ್ಟಿಯರಿಂಗ್:

ಊಟಿ ಮುಟ್ಟಿ ಬರಬಹುದು, ರೈಲು ಮಾತ್ರ ಸಿಗಲ್ಲ. ಬಂಡೀಪುರ ಗೇಟ್ ತೆರೆಯೋದೇ ಬೆಳಗ್ಗೆ 6ಕ್ಕೆ, ರಾತ್ರಿ 9ಕ್ಕೆ ಮುಚ್ಚುತ್ತೆ. 7:10ಕ್ಕೆ ಮೆಟ್ಟುಪಾಳ್ಯದಲ್ಲಿರೋಕೆ ಆಗಲ್ಲ. ಮಸಿನಗುಡಿ ಮೇಲಿನ ಕಲ್ಲಟ್ಟಿ ಘಟ್ಟದಲ್ಲಿ 36 ಹೇರ್‌ಪಿನ್ ತಿರುವು, ಅಪಘಾತ ಹೆಚ್ಚಾಗಿದ್ದರಿಂದ ಹೊರಗಿನ ಗಾಡಿಗಳನ್ನ ಅದರಲ್ಲಿ ಇಳಿಯೋಕೆ ಬಿಡಲ್ಲ. ವಾಪಸ್ ಬರೋದು ಗೂಡಲೂರು ಮೇಲೇನೇ. ಹಾಗಾಗಿ ನಾಲ್ಕು ಗಂಟೆಗೆ ಊಟಿ ಬಿಡಿ. ನಿಮಗೂ ಇ-ಪಾಸ್ ಬೇಕು.